ಷರಾ

ಗಾಳಿ ಬಂದಾಗ ತೂರಿಕೋ ಅಂತಾರೆ ನಮ್ಮ ಕಡೆ.
ನನಗಿಲ್ಲಿ ಗಾಳಿಯನ್ನೇ ತೂಗುವ ಕೆಲಸ.

ಸಿನಾವ್ ಪೇಟೆಯ ಬಲದಿಯಾ ಕಚೇರಿ, ಅದರ ಮಾಳಿಗೆಯ ಮೇಲೆ
ಒಂದು ತಗಡಿನ ಪೆಟ್ಟಿಗೆ, ಅದರ ಬಾಯಲ್ಲಿ
ಅಂಗೈಯಗಲ ಬಿಳಿ ಕಾಗದ.
ಇಡೀ ದಿನ ಊರಿನ ಉಸಿರು ಎಳೆಯುತ್ತದೆ,
ಒಳಗಿನದನ್ನು ಬಿಡುವುದಿಲ್ಲ.
ಮರುದಿನ ಚಿಮಟದಲ್ಲೆತ್ತಿ, ತೂಗಿ,
ದಫ್ತರದಲ್ಲಿ ಬರೆಯುತ್ತೇನೆ:
ತಾರೀಕು, ತೂಕ, ಷರಾ.

ಚಳಿ ಹಿಂದೆಗೆದಾಗ ಕಾಗದ ತುಸು ಹಳದಿ.
ವಾದಿಯ ಉದ್ದಕ್ಕೂ ಜಾಲಿ ಹೂಬಿಟ್ಟಿರುತ್ತದೆ,
ನಮ್ಮ ಬಳ್ಳಾರಿ ಜಾಲಿಯೇ. ಅದೇ ಮುಳ್ಳು, ಅದೇ ಹಟ.
ಇಲ್ಲಿಯವರು ಘಾಫ್ ಬಹ್ರಿ ಅನ್ನುತ್ತಾರೆ,
ಕಡಲು ದಾಟಿ ಬಂದದ್ದು.
ನನ್ನ ವೀಸಾದಲ್ಲೂ ಅಷ್ಟೇ ಬರೆದಿದ್ದರೆ ಸಾಕಿತ್ತು.
ಆ ತಿಂಗಳು ಪ್ರದೀಶನ ಔಷಧದಂಗಡಿಯಲ್ಲಿ
ನೀಲಿ ಇನ್ಹೇಲರ್ ಮುಗಿದಿರುತ್ತದೆ.

ಮೇ ಬಂತೆಂದರೆ ಘರ್ಬಿ.
ನಮ್ಮಲ್ಲಿ ಪಡುವಣ ಗಾಳಿ ಮೋಡ ಹೊತ್ತು ತರುತ್ತದೆ,
ಇಲ್ಲಿ ಬರೀ ಹೊರುತ್ತದೆ.
ಮಟಮಟ ಮಧ್ಯಾಹ್ನ ಗಾಡಿಗಳಿಗೆ ದೀಪ.
ಚಹಾದ ಕೆನೆಯಲ್ಲಿ, ಮಲಗುವ ದಿಂಬಿನಲ್ಲಿ,
ಮುಚ್ಚಿಟ್ಟ ಉಪ್ಪಿನ ಭರಣಿಯಲ್ಲಿ ಮರಳು.
ಕಾಗದ ಸಜ್ಜೆ ರೊಟ್ಟಿಯ ಬಣ್ಣಕ್ಕೆ ಬರುತ್ತದೆ.
ಆಗ ಷರಾ ಸುಲಭ: ಗಾಳಿ.
ಯಾರ ತಪ್ಪೂ ಇಲ್ಲ.

ಗುರುವಾರದ್ದು ಬೇರೆ ಕತೆ.
ಮಸ್ಕತ್ತಿನಿಂದ ಸಾಹೇಬರ ಫೋನು:
ವಾರಕ್ಕೊಮ್ಮೆ ಹೀಗೆ ಏರುತ್ತದಲ್ಲ, ಯಂತ್ರ ಕೆಟ್ಟಿದೆಯೇ?
ಷರಾದಲ್ಲಿ ಬರೆದೆ: ಆಡು.
ಸಂತೆಯ ದಿನ, ಮುನ್ನೂರು ಆಡು, ಹನ್ನೊಂದು ಒಂಟೆ,
ಹರಾಜು ಕೂಗುವವರ ಕಾಲು.
ಉಮ್ಮ್ ಮುಸಲ್ಲಮ್ ಮುಖವಾಡದ ಹಿಂದಿನಿಂದ ಕೇಳಿದ್ದಳು,
ಆ ಪೆಟ್ಟಿಗೆಯಲ್ಲಿ ಏನು ಹಿಡಿಯುತ್ತೀ?
ಗಾಳಿ, ಅಂದೆ.
ಮಾರುವುದೆಷ್ಟಕ್ಕೆ?

ಡಿಸೆಂಬರಿನಲ್ಲಿ ಗಾಳಿ ಮಗ್ಗುಲು ಬದಲಿಸುವುದಿಲ್ಲ.
ತೋಟಗಳಲ್ಲಿ ಕಡಿದ ಖರ್ಜೂರದ ಗರಿ ಸುಡುತ್ತಾರೆ.
ಹೊಗೆ ಮೇಲೇರದೆ, ಫಲಜಿನ ನೀರಿನ ಜೊತೆಯಲ್ಲೇ
ಮನೆಯಿಂದ ಮನೆಗೆ ಹರಿಯುತ್ತದೆ.
ಕಾಗದ ಕಪ್ಪಾಗಿತ್ತು. ಬರೆದೆ:
ಹೊಗೆ, ಪಡುವಣ ತೋಟದಿಂದ.
ಸುಳ್ಳಲ್ಲ, ಒಂದು ಅಕ್ಷರವೂ.

ಎಂಟು ದಿನಕ್ಕೆ ತಪಾಸಣೆಯವರು ಬಂದರು.
ದಂಡ ಐವತ್ತು ರಿಯಾಲ್.
ತೋಟದ ಯಜಮಾನ ಆ ದಿನ ಊರಲ್ಲೇ ಇರಲಿಲ್ಲ,
ಕಡ್ಡಿ ಗೀರಿದ್ದು ಅನಾರುಲ್.
ಅವನ ಸಂಬಳದಲ್ಲಿ ಮುರಿದುಕೊಂಡರು.

ಮೊನ್ನೆ ಮಾಳಿಗೆ ಹತ್ತಿ ಬಂದ.
ಖರ್ಜೂರ ಹತ್ತುವವನಿಗೆ ಏಣಿ ಯಾವ ಲೆಕ್ಕ.
ಜಗಳಕ್ಕೆಂದೇ ತಿಳಿದೆ.
ಕಾಗದ ತೋರಿಸು, ಅಂದ.
ಲಕೋಟೆಯಿಂದ ತೆಗೆದುಕೊಟ್ಟೆ.
ಖೋಟಾ ನೋಟಿರಬಹುದೆಂಬಂತೆ
ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ.
ಇದರಲ್ಲಿ ನನ್ನದೆಷ್ಟು?

ಏನು ಹೇಳಲಿ.
ಪಠಾಣನ ತಂದೂರು, ಯಜಮಾನನ ಲ್ಯಾಂಡ್ ಕ್ರೂಸರ್,
ನಿನ್ನೆಯ ಆಡು, ಮೊನ್ನೆಯ ಮರಳು,
ಎಲ್ಲ ಒಂದೇ ಕಪ್ಪಿನಲ್ಲಿ ಕೂತಿದ್ದವು.
ನನ್ನ ತಕ್ಕಡಿ ಎಲ್ಲರನ್ನೂ ಕೂಡಿಸಿಯೇ ತೂಗುತ್ತದೆ,
ಬೇರ್ಪಡಿಸುವುದು ಷರಾ.

ಆ ದಿನದ ಕಾಗದ ಇನ್ನೂ ತೂಗುವುದಿತ್ತು.
ಗಾಜಿನ ಬಾಗಿಲು ಮುಚ್ಚಿದರೂ
ಉಸಿರಿಗೆ ಕೊನೆಯ ಅಂಕೆ ಅಲುಗುತ್ತದೆ.
ಉಸಿರು ಹಿಡಿ, ಅಂದೆ. ಹಿಡಿದ. ನಾನೂ ಹಿಡಿದೆ.
ಅಂಕೆ ನಿಲ್ಲುತ್ತಿತ್ತು, ನಿಲ್ಲುತ್ತಿತ್ತು,
ಅವನ ಎದೆಯೊಳಗೆ ಹಳೇ ತಿದಿಯೊಂದು ಹರಿದು
ಕೆಮ್ಮು ಬಂತು.

ಕೆಳಗೆ ಗುರುವಾರ. ಆಡುಗಳು ಇಳಿಯುತ್ತಿದ್ದವು.
ನಾನು ದಫ್ತರ ಹುಡುಕುವಷ್ಟರಲ್ಲಿ
ಹೊಸ ಕಾಗದವನ್ನು ಅವನೇ ಪೆಟ್ಟಿಗೆಗೆ ಸಿಕ್ಕಿಸಿದ,
ಚಿಮಟವಿಲ್ಲ, ಕೈಗವಸಿಲ್ಲ.
ಅಂಚಿನಲ್ಲಿ ಹೆಬ್ಬೆಟ್ಟು ಮೂಡಿತು,
ರುಜು ಹಾಕಿದ ಹಾಗೆ.
ಖಾಲಿ ಕಾಗದದ ತೂಕ ಮೊದಲೇ ಬರೆದಾಗಿತ್ತು.
ತೆಗೆಯಲು ಹೋಗಿ ಸುಮ್ಮನಾದೆ.